ಹನ್ನೆರಡು ದಿನ ಯಾರೂ ‘ತಡಿ’ ಅನ್ನಲಿಲ್ಲ

ನನ್ನ ಬಳಿ ಒಂದು ಹಳೆಯ ನೋಟ್‌ಪುಸ್ತಕವಿದೆ. ನೀಲಿ ರಟ್ಟು, ಒಂದು ಮೂಲೆಯಲ್ಲಿ ಗಾರೆಯ ಕಲೆ. ಈಗ ಬರೆಯುತ್ತಿರುವುದರಲ್ಲಿ ಆ ಪುಸ್ತಕದಲ್ಲಿರುವಷ್ಟು ಮಾತ್ರ ಖಚಿತ, ಉಳಿದದ್ದೆಲ್ಲ ನೆನಪು ಎಂದು ಹೇಳಿ ಶುರು ಮಾಡೋಣವೆಂದುಕೊಂಡಿದ್ದೆ. ಆದರೆ ಅದೂ ಸುಳ್ಳು. ಇತಿಹಾಸ ಎಂ.ಎ. ಓದುವಾಗ ನಮ್ಮ ಮೇಷ್ಟರು, ಬರೆದದ್ದನ್ನು ಓದುವುದಕ್ಕೆ ಮುಂಚೆ ಬರೆದವನು ಎಲ್ಲಿ ನಿಂತು ಬರೆದ ಅನ್ನುವುದನ್ನು ನೋಡಿ ಎನ್ನುತ್ತಿದ್ದರು. ಯಾವ ಯಾವ ರಾಜನ ಶಾಸನವನ್ನೋ ನಾನು ಹಾಗೆ ಅನುಮಾನದಿಂದ ಓದಿದೆ. ನನ್ನ ಕೈಬರಹವನ್ನು ಹಾಗೆ ಓದುವುದಕ್ಕೆ ಎಂಟು ವರ್ಷ ಬೇಕಾಯಿತು.

ತೊಂಬತ್ತರ ದಶಕದ ಕೊನೆ. ಓದು ಮುಗಿಸಿ ಅರಸೀಕೆರೆಗೆ ಬಂದು ಕೆಲಸವಿಲ್ಲದೆ ಕೂತಿದ್ದೆ. ಆಗ ಹಳೇಬೀಡು ದಾಟಿ ಬೇಲೂರಿನ ಕಡೆ ಹೋಗುವಾಗ ರಸ್ತೆಯಿಂದ ಒಳಕ್ಕಿರುವ ಒಂದು ಹಳ್ಳಿಯಲ್ಲಿ ಹಳೆಯ ಗುಡಿಯನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸ ಶುರುವಾಗಿತ್ತು. ಚಿಕ್ಕ ಗುಡಿ. ಮುಂದಿನ ಮಂಟಪದ ತಳಪಾಯ ಒಂದು ಕಡೆ ಕುಸಿದು ಕಂಬಗಳು ಒಂದರ ಮೇಲೊಂದು ಒರಗಿಕೊಂಡಿದ್ದವು. ಹಳೇಬೀಡಿಗೆ ಬಂದವರು ಹೆಚ್ಚೆಂದರೆ ಬಸ್ತಿಹಳ್ಳಿಯವರೆಗೆ ನಡೆದು ಅಲ್ಲಿಯ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ ಮುಖ ನೋಡಿಕೊಂಡು ವಾಪಸಾಗುತ್ತಿದ್ದರು. ನಮ್ಮ ಗುಡಿಗೆ ಯಾರೂ ಬರುತ್ತಿರಲಿಲ್ಲ. ಊರವರೇ ಒಂದು ಸಮಿತಿ ಮಾಡಿಕೊಂಡಿದ್ದರು. ಬಿಚ್ಚಿದ ಕಲ್ಲಿಗೆ ನಂಬರು ಹಾಕಿ, ಯಾವುದು ಎಲ್ಲಿತ್ತೆಂದು ಬರೆದಿಡಲು ಓದಿದವನೊಬ್ಬ ಬೇಕಾಗಿದ್ದ. ಹಾಗೆ ನಾನು ಮೇಲ್ವಿಚಾರಕನಾದೆ. ನನಗಾಗ ಇಪ್ಪತ್ತಾರು. ದಿನಾ ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ಸು ಹತ್ತಿ, ಜಾವಗಲ್ಲಿನ ಮೇಲೆ ಹಳೇಬೀಡಿಗೆ ಬಂದು, ಅಲ್ಲಿಂದ ಸಿಕ್ಕಿದ್ದರಲ್ಲಿ ಹೋಗುತ್ತಿದ್ದೆ.

ಕೆಲಸದವರು ಎಂಟು ಜನ. ಅವರ ಮುಂದಾಳು ಬೇಲೂರಿನ ಮೇಸ್ತ್ರಿ. ಐವತ್ತೈದರ ಆಸುಪಾಸು, ಕುಳ್ಳು, ಕಿವಿಯ ಮೇಲೆ ಯಾವಾಗಲೂ ಒಂದು ಬೀಡಿ. ಆರು ಗಂಡಾಳು, ಒಬ್ಬಳು ಹೆಂಗಸು. ಆ ಹೆಂಗಸಿಗೆ ನಲವತ್ತರ ಮೇಲಿರಬೇಕು. ಗಂಡಸರು ಹಾರೆ ಹಾಕಿ ಕಲ್ಲಿನ ಒಂದು ತುದಿಯನ್ನು ಎರಡು ಬೆರಳಷ್ಟು ಎಬ್ಬಿಸಿದಾಗ, ಆ ಸಂದಿಗೆ ಕಲ್ಲುಚಕ್ಕೆ ತೂರಿಸುವುದು ಅವಳ ಕೆಲಸ. ಆಮೇಲೆ ಹಾರೆ ಬದಲಾಯಿಸಿ ಇನ್ನೆರಡು ಬೆರಳು, ಮತ್ತೊಂದು ಚಕ್ಕೆ. ಹಾಗೆ ಸ್ವಲ್ಪ ಸ್ವಲ್ಪವೇ ಕಲ್ಲು ಮೇಲೇಳುತ್ತಿತ್ತು. ಎಲ್ಲರೂ ಅವಳನ್ನು ಚಕ್ಕೆ ಅಕ್ಕ ಅನ್ನುತ್ತಿದ್ದರು. ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ಅವಳು ಕಲ್ಲಿನ ತಳ ನೋಡುತ್ತಿದ್ದಳು. ನಾವೆಲ್ಲ ನೋಡುತ್ತಿದ್ದದ್ದು ಕಲ್ಲಿನ ಮೇಲ್ಮೈ. ತಳ ಕಾಣುತ್ತಿದ್ದದ್ದು ಅವಳೊಬ್ಬಳಿಗೆ.

ನನಗೂ ಒಂದು ಹೆಸರಿತ್ತು. ಎಂ.ಎ. ಸಾರ್ ಅನ್ನುವುದು ಅವರ ಬಾಯಲ್ಲಿ ಒಂದು ವಾರದೊಳಗೆ ಎಮ್ಮೆ ಸಾರು ಆಯಿತು. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದರು. ನನಗೂ ಕೇಳಿಸದವನಂತೆ ಇರುವುದು ಇಷ್ಟವಾಗಿತ್ತು.

ಮೇಸ್ತ್ರಿಯ ತಂಡದಲ್ಲಿ ಒಂದು ಪದ್ಧತಿಯಿತ್ತು. ಕಲ್ಲು ನೆಲ ಬಿಟ್ಟ ಮೇಲೆ ಯಾರಿಗೆ ಏನೇ ಅನುಮಾನ ಬರಲಿ, ‘ತಡಿ’ ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರ ಕೈಯೂ ನಿಲ್ಲಬೇಕು. ಕಲ್ಲು ಕೆಳಗಿಳಿಯುವವರೆಗೆ ಯಾಕೆಂದು ಯಾರೂ ಕೇಳುವ ಹಾಗಿಲ್ಲ. ಇಳಿದ ಮೇಲೆ ಮೇಸ್ತ್ರಿ ಮಾತ್ರ ಕೇಳುತ್ತಿದ್ದ. ಅನುಮಾನ ನಿಜವಾಗಿರಲಿ, ಸುಳ್ಳಾಗಿರಲಿ, ಮುಂದಿನ ಸಲ ಕ್ಯಾನಿನಲ್ಲಿ ಟೀ ಬಂದಾಗ ಮೊದಲ ಲೋಟ ‘ತಡಿ’ ಅಂದವರಿಗೆ. ಹೊಸಬರು ಸೇರಿದ ದಿನ ಇನ್ನೂ ಒಂದು ಶಾಸ್ತ್ರ ನಡೆಯುತ್ತಿತ್ತು. ಒಂದು ಸಣ್ಣ ಕಲ್ಲು ಎತ್ತಿಸಿ, ಯಾವ ಕಾರಣವೂ ಇಲ್ಲದೆ ಅವರ ಕೈಲಿ ಒಮ್ಮೆ ‘ತಡಿ’ ಅನ್ನಿಸುವುದು. ಎಲ್ಲರೂ ಗಪ್ಪನೆ ನಿಲ್ಲುವುದು.

ಇದೇನು ಆಟ ಎಂದು ಕೇಳಿದೆ.

“ಆಟ ಅಲ್ಲ ಸಾ, ಗಂಟ್ಲಿಗೆ ಅಬ್ಯಾಸ ಆಗ್ಬೇಕು,” ಅಂದ ಮೇಸ್ತ್ರಿ. “ಬಯ ಆದಾಗ ಮೊದ್ಲು ಕಟ್ಟೋದೇ ಗಂಟ್ಲು. ನೀವೂ ಒಂದ್ ಸಲ ಕೂಗ್ಬುಡಿ.”

“ನಾನ್ಯಾಕೆ? ನಾನು ಕಲ್ಲು ಎತ್ತೋನಲ್ಲವಲ್ಲ.”

“ಎತ್ತಕ್ಕಲ್ಲ ಸಾ, ನಿಲ್ಸಕ್ಕೆ.”

ನಾನು ನಕ್ಕು ನನ್ನ ಹಾಳೆಗಳ ಕಡೆ ತಿರುಗಿದೆ. ಹಿಂದಿನಿಂದ ಯಾರೋ, “ಎಮ್ಮೆ ಸಾರಿಗೆ ಗಂಟ್ಲು ಕಟ್ಟೈತೆ, ಬಿಡ್ಲಾ,” ಅಂದ. ಎಲ್ಲರೂ ನಕ್ಕರು. ನಾನು ಕೂಗಲಿಲ್ಲ. ಇದೊಂದು ನನಗೆ ಖಚಿತವಾಗಿ ನೆನಪಿದೆ, ಏಕೆಂದರೆ ಅಲ್ಲಿದ್ದಷ್ಟು ದಿನವೂ ನಾನು ಆ ಮಾತನ್ನು ಒಮ್ಮೆಯೂ ಆಡಲಿಲ್ಲ.

ಎಲ್ಲರಿಗಿಂತ ಹೆಚ್ಚು ಸಲ ‘ತಡಿ’ ಅನ್ನುತ್ತಿದ್ದವಳು ಚಕ್ಕೆ ಅಕ್ಕ. ಒಂದು ದಿನ ದೊಡ್ಡ ಚಪ್ಪಡಿ ಅರ್ಧ ಎದ್ದಿದೆ, ಹಾರೆಗಳ ಮೇಲೆ ಗಂಡಸರ ತೋಳು ನಡುಗುತ್ತಿದೆ, ಅವಳು ಕೂಗಿದಳು. ಇಳಿಸಿದರು.

“ಏನವ್ವ?” ಅಂದ ಮೇಸ್ತ್ರಿ.

“ಕಿರ್ ಅಂದಂಗಾಯ್ತು ಕಣಣ್ಣ.”

ನೋಡಿದರೆ ಏನೂ ಇಲ್ಲ. ಟೀ ಬಂತು, ಮೊದಲ ಲೋಟ ಅವಳಿಗೆ ಹೋಯಿತು.

“ಟೀಗೋಸ್ಕರ ಕೂಗ್ತಾಳೆ ಕಣಣ್ಣೋ ಇವ್ಳು,” ಅಂದ ಒಬ್ಬ.

“ಊಂ ಕಣ್ಲಾ. ನಿನ್ ಕಾಲು ಉಳ್ಸಿದ್ದಕ್ಕೆ ಒಂದು ಬನ್ನೂ ಕೊಡ್ಸು,” ಅಂದಳು ಅವಳು, ಲೋಟದೊಳಕ್ಕೆ ಊದುತ್ತ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಳೆಗೆ ಮುಂಚೆ ಮಂಟಪ ಮುಗಿಯಬೇಕೆಂದು ಸಮಿತಿಯವರು ಅವಸರ ಮಾಡುತ್ತಿದ್ದರು. ಕೆಲಸ ಯಾಕೆ ನಿಧಾನ ಅನ್ನುವುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದರೆ ದಾಖಲೆ ಮಾಡಬೇಕು ಅನ್ನುವುದು ನಾನು ಕಲಿತ ವಿದ್ಯೆ. ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ನೀಲಿ ರಟ್ಟಿನ ಪುಸ್ತಕ ಕೊಂಡು ಗೆರೆ ಎಳೆದು ನಾಲ್ಕು ಅಂಕಣ ಮಾಡಿದೆ. ದಿನ, ಹೊತ್ತು, ಯಾರು, ಕಾರಣ. ಪ್ರತಿ ‘ತಡಿ’ಯನ್ನೂ ಬರೆದಿಟ್ಟರೆ ಯಾವುದರಿಂದ ಹೆಚ್ಚು ತೊಂದರೆ ಅನ್ನುವುದು ಗೊತ್ತಾಗುತ್ತದೆ, ಹಗ್ಗ ಸರಿಯಿಲ್ಲವೆಂದರೆ ಹೊಸ ಹಗ್ಗ ತರಿಸಬಹುದು ಎಂದುಕೊಂಡೆ. ನನ್ನ ಉದ್ದೇಶ ಒಳ್ಳೆಯದೇ ಆಗಿತ್ತು. ಈ ವಾಕ್ಯವನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆಂದರೆ, ಈಗ ಅದು ನಿಜವಿದ್ದರೂ ನಂಬಲಾಗುವುದಿಲ್ಲ.

ಕಲ್ಲು ಇಳಿಯುತ್ತಿದ್ದ ಹಾಗೆ ಪುಸ್ತಕ ಹಿಡಿದು ಹೋಗುತ್ತಿದ್ದೆ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ, “ಯಾರು ಕೂಗಿದ್ದು?” ಎನ್ನುತ್ತಿದ್ದೆ. ಮೊದಲ ದಿನ ಒಬ್ಬ, “ಹೆಸ್ರು ಯಾಕ್ ಸಾ?” ಅಂದ. ಸುಮ್ಮನೆ, ಗುರುತಿಗೆ ಅಂದೆ. ಹೆಸರು ಬರೆದ ಮೇಲೆ, “ಏನಾಯಿತು?” ಎಂದು ಕೇಳಿದರೆ ಅವನು, “ಏನಿಲ್ಲ ಬುಡಿ ಸಾ,” ಅಂದ. ಆಮೇಲಾಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು. ನಾಲ್ಕನೆಯ ಅಂಕಣದಲ್ಲಿ ನಾನು ‘ಕಾರಣವಿಲ್ಲ’ ಎಂದು ಬರೆಯುತ್ತ ಹೋದೆ.

ಮೇಸ್ತ್ರಿ ಊಟದ ಹೊತ್ತಿನಲ್ಲಿ ಒಬ್ಬನೇ ಬಂದ. “ಸಾ, ಯಾಕಾಯ್ತು ಅಂತ ಬರ್ಕಳಿ. ಯಾರು ಅಂತ ಬರೀಬ್ಯಾಡಿ.”

“ಹೆಸರಿಲ್ಲದೆ ದಾಖಲೆ ಹೇಗಾಗುತ್ತೆ ಮೇಸ್ತ್ರಿ?”

ಅದಕ್ಕೆ ಅವನು ಏನೋ ಹೇಳಿದ. “ದಾಖ್ಲೆ ಆಗ್ದಿದ್ರೂ ಕೈಕಾಲು ಇರ್ತವಲ್ಲ ಸಾ,” ಎಂದ ಎಂದು ನನ್ನ ನೆನಪು. ಆದರೆ ಇದು ತೀರಾ ಸರಿಯಾಗಿ ಕೂತಿರುವ ಮಾತು. ಮುಂದೆ ಏನಾಯಿತೆಂದು ತಿಳಿದ ಮೇಲೆ ಅವನ ಬಾಯಿಗೆ ನಾನೇ ಇಟ್ಟಿರಬಹುದು. ಬಹುಶಃ ಅವನು ಏನೂ ಹೇಳದೆ ಕಿವಿಯ ಮೇಲಿನ ಬೀಡಿ ತೆಗೆದುಕೊಂಡು ಹೋದ.

ಇನ್ನೊಂದು ದಿನ ಟೀ ಹೊತ್ತಿನಲ್ಲಿ ಪುಸ್ತಕ ತಿರುವುತ್ತ ಕೂತಿದ್ದೆ. ಮೊದಲ ಲೋಟ ಮತ್ತೆ ಚಕ್ಕೆ ಅಕ್ಕನಿಗೆ ಹೋಯಿತು. ನಾನು ತಮಾಷೆಗೆ, “ಏನಮ್ಮ, ಪುಸ್ತಕದ ತುಂಬ ನಿನ್ನ ಹೆಸರೇ ಇದೆಯಲ್ಲ. ನಿನ್ನ ಬಾಯಿಗೊಂದು ಬೀಗ ಮಾಡಿಸಬೇಕು,” ಅಂದೆ.

ಎಲ್ಲರೂ ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅಷ್ಟು ದಿನದಲ್ಲಿ ಅವರು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಅವಳೂ ಸೆರಗು ಬಾಯಿಗೆ ಒತ್ತಿ ನಕ್ಕಳು. ಮೇಸ್ತ್ರಿ ನಕ್ಕನೋ ಇಲ್ಲವೋ ನೋಡಲಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವಳನ್ನು ನಾನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ನೀವು ಎನ್ನುತ್ತಿದ್ದಳು ಅನ್ನುವುದನ್ನೂ ಆಗ ನೋಡಿರಲಿಲ್ಲ.

ಮಾರನೆಯ ದಿನ ಯಾರೂ ‘ತಡಿ’ ಅನ್ನಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಂದು ವಾರವಾದ ಮೇಲೆ ನಾನು ಸಮಿತಿಯವರಿಗೆ ಪುಸ್ತಕ ತೋರಿಸಿದೆ. ಕೆಲಸ ಹೇಗೆ ಓಡುತ್ತಿದೆ ನೋಡಿ ಅಂದೆ. ಅವರಲ್ಲಿ ಒಬ್ಬರು ಬೇಲೂರಿನಿಂದ ಮೈಸೂರು ಪಾಕು ತಂದು ಎಲ್ಲರಿಗೂ ಹಂಚಿದರು. ಟೀ ಕ್ಯಾನು ಬಂದಾಗ ಮೊದಲ ಲೋಟ ಯಾರಿಗೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಮೇಲಾಮೇಲೆ ಅದನ್ನು ನನಗೇ ಕೊಡತೊಡಗಿದರು. ನಾನು ಕುಡಿದೆ. ಪುಸ್ತಕದಲ್ಲಿ ಒಂದೊಂದು ದಿನಕ್ಕೆ ಒಂದೊಂದು ಸಾಲು: ‘ತಡೆ ಇಲ್ಲ.’ ಅಂಥ ಹನ್ನೊಂದು ಸಾಲು.

ಹನ್ನೆರಡನೆಯ ದಿನ ಮಂಟಪದ ಒಂದು ಉದ್ದ ತೊಲೆಯನ್ನು ಅದು ಬಿದ್ದಿದ್ದ ಜಾಗದಿಂದ ಎಬ್ಬಿಸುತ್ತಿದ್ದರು. ಬಿಸಿಲು ಏರಿತ್ತು. ಮೇಸ್ತ್ರಿ ತೊಲೆಯ ಒಂದು ತುದಿಯ ಅಡಿಗೆ ಬಲಗೈ ಇಟ್ಟು “ಐಸಾ” ಎಂದು ಹೇಳಿಕೊಡುತ್ತಿದ್ದ. ಕೈ ಇಟ್ಟರೆ ಕಲ್ಲಿನ ಮನಸ್ಸು ಗೊತ್ತಾಗುತ್ತದೆ ಅನ್ನುವುದು ಅವನ ನಂಬಿಕೆ. ಚಕ್ಕೆ ಅಕ್ಕ ನೆಲಕ್ಕೆ ಕೆನ್ನೆ ತಾಗಿಸಿದ್ದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಏನೋ ಒಂದು ಸಣ್ಣ ಸದ್ದು ಕೇಳಿಸಿತು. ಚಕ್ಕೆ ಬಿರಿದ ಸದ್ದೋ, ಯಾರದೋ ಉಸಿರೋ, ದೂರದಲ್ಲಿ ಹಕ್ಕಿಯೋ. ಮೇಸ್ತ್ರಿ ಇನ್ನೊಂದು ಸಲ “ಐಸಾ” ಅಂದ. ತೊಲೆ ಸ್ವಲ್ಪವೇ ಸ್ವಲ್ಪ ಕೂತುಕೊಂಡಿತು, ಅಷ್ಟೆ. ದೊಡ್ಡ ಸದ್ದೂ ಆಗಲಿಲ್ಲ. ಅವನ ಕೈ ಅದರ ಕೆಳಗಿತ್ತು.

ಟೆಂಪೋದಲ್ಲಿ ಹಾಸನಕ್ಕೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಚಕ್ಕೆ ಅಕ್ಕ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೆಬ್ಬೆರಳು ಉಳಿಯಿತು. ಉಳಿದ ನಾಲ್ಕು ಹೋದವು. ಮೂವತ್ತೈದು ವರ್ಷ ಉಳಿ ಸುತ್ತಿಗೆ ಹಿಡಿದಿದ್ದ ಕೈ.

ಪುಸ್ತಕದಲ್ಲಿ ಆ ದಿನಕ್ಕೂ ಒಂದು ಸಾಲಿದೆ. ‘ತಡೆ ಇಲ್ಲ’ ಎಂದೇ ಇದೆ, ನನ್ನ ಅಕ್ಷರದಲ್ಲಿ. ಅದನ್ನು ಯಾವಾಗ ಬರೆದೆ ಎಂದು ನನಗೆ ನೆನಪಿಲ್ಲ. ಬೆಳಿಗ್ಗೆಯೇ ಬರೆದಿದ್ದರೆ, ದಿನ ನಡೆಯುವ ಮೊದಲೇ ದಿನವನ್ನು ಬರೆದಿಟ್ಟುಬಿಟ್ಟಿದ್ದೆ. ಆಸ್ಪತ್ರೆಯಿಂದ ಬಂದು ಬರೆದಿದ್ದರೆ, ನಾನು ಎಂಥ ಮನುಷ್ಯ ಎಂದು ಯೋಚಿಸಲೂ ಹೆದರಿಕೆಯಾಗುತ್ತದೆ. ಎರಡರಲ್ಲಿ ಒಂದು ನಿಜ.

ಸಮಿತಿಯವರು ವರದಿ ಕೇಳಿದರು. ಒಂದು ಪುಟ ಬರೆದುಕೊಟ್ಟೆ. ಅದರ ಪ್ರತಿ ಈ ಪುಸ್ತಕದೊಳಗೆ ಮಡಿಸಿಟ್ಟಿದೆ. ‘ತಳದಲ್ಲಿ ಚಕ್ಕೆಯನ್ನು ಸರಿಯಾಗಿ ಇಡದ ಕಾರಣ ತೊಲೆಯು ಕುಸಿದಿರುತ್ತದೆ. ಯಾರೂ ಮುನ್ನೆಚ್ಚರಿಕೆ ನೀಡಿರುವುದಿಲ್ಲ.’ ಚಕ್ಕೆ ಬಿರಿದಿತ್ತು. ಅದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೆ. ‘ಬಿರಿದ ಕಾರಣ’ ಎಂದು ಬರೆಯಬಹುದಾಗಿತ್ತು. ‘ಸರಿಯಾಗಿ ಇಡದ ಕಾರಣ’ ಎಂದು ಬರೆದೆ. ಬೇಕೆಂದು ಬರೆದೆನೇ? ಗೊತ್ತಿಲ್ಲ. ವರದಿಯ ಭಾಷೆ ಹಾಗೆಯೇ, ಅದಕ್ಕೆ ಯಾರಾದರೊಬ್ಬರು ಬೇಕಾಗುತ್ತದೆ. ಚಕ್ಕೆ ಇಡುತ್ತಿದ್ದವಳು ಅವಳೊಬ್ಬಳೇ. ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳಿಕಳಿಸಿದರು. ಅವಳು ಯಾರನ್ನೂ ಏನೂ ಕೇಳದೆ, ಸಿಂಬೆ ಸುತ್ತಿಡುತ್ತಿದ್ದ ಹಳೆ ಬಟ್ಟೆ ತೆಗೆದುಕೊಂಡು ಹೋದಳು. ಬೇರೆ ಮೇಸ್ತ್ರಿಗಳೂ ಅವಳನ್ನು ಕರೆಯಲಿಲ್ಲವೆಂದು ಆಮೇಲೆ ತಿಳಿಯಿತು. ಆ ಕಡೆಯ ಕಲ್ಲು ಕೆಲಸದವರಲ್ಲಿ ಅವಳಿಗೊಂದು ಹೆಸರು ಬಿದ್ದಿತ್ತು: ಕೈ ತಿಂದೋಳು.

ಗುಡಿ ಮುಗಿಯಿತು. ಬಾಗಿಲ ಪಕ್ಕದಲ್ಲಿ ಒಂದು ಕಲ್ಲು ಹಾಕಿಸಿದ್ದಾರೆ. ಕಡೆಯ ಸಾಲಿನಲ್ಲಿ ‘ಮೇಲ್ವಿಚಾರಣೆ’ ಎಂದು ನನ್ನ ಹೆಸರಿದೆ, ಮುಂದೆ ಎಂ.ಎ. ಎಂದೂ ಇದೆ.

ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ. ಏಳೆಂಟು ವರ್ಷ ಕಳೆದು, ಪ್ರಿನ್ಸಿಪಾಲರು ದೀರ್ಘ ರಜೆ ಹಾಕಿದಾಗ ಅವರ ಕುರ್ಚಿಯೂ ನನ್ನ ಪಾಲಿಗೆ ಬಂತು. ಪ್ರತಿ ಮೀಟಿಂಗಿನ ಕೊನೆಯಲ್ಲೂ, “ಯಾರಿಗಾದರೂ ಏನಾದರೂ ಹೇಳುವುದಿದೆಯಾ?” ಎಂದು ತಪ್ಪದೆ ಕೇಳುತ್ತಿದ್ದೆ. ನಾನು ಎಲ್ಲರ ಮಾತಿಗೂ ಜಾಗ ಕೊಡುವವನು ಎಂದು ನಂಬಿದ್ದೆ. ಯಾರೂ ಏನೂ ಹೇಳುತ್ತಿರಲಿಲ್ಲ. ಎಲ್ಲ ಸರಿಯಿದೆ ಎಂದು ಎದ್ದು ಹೋಗುತ್ತಿದ್ದೆ.

ಆ ವರ್ಷವೇ ಪರೀಕ್ಷೆಯ ಅರ್ಜಿಗಳಲ್ಲಿ ಒಂದು ಇಡೀ ತರಗತಿಯ ವಿಷಯ ತಪ್ಪಾಗಿ ತುಂಬಿ ಹೋಗಿತ್ತು. ಗುಮಾಸ್ತರಿಗೆ ಅದು ಮೂರು ವಾರ ಮೊದಲೇ ಗೊತ್ತಿತ್ತು. ಹೇಳಿದ್ದರೆ ಅರ್ಧ ದಿನದ ಕೆಲಸ. ಹೇಳದೆ, ಒಬ್ಬರೇ ಯಾರು ಯಾರನ್ನೋ ಹಿಡಿದು ಸರಿಮಾಡಿಸಲು ಓಡಾಡಿ, ಕೊನೆಗೆ ಗಡುವು ಮುಗಿದ ದಿನ ನನ್ನ ಎದುರು ಬಂದು ನಿಂತರು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

ಅವರು ನನ್ನ ಮೇಜಿನ ಕಡೆ ನೋಡಿದರು. “ನೀವು ಬರ್ಕೋತೀರಲ್ಲ ಸಾರ್.”

ಮೇಜಿನ ಮೇಲೆ ಒಂದು ನೋಟ್‌ಪುಸ್ತಕವಿತ್ತು. ಹೊಸದು. ರಟ್ಟಿನ ಬಣ್ಣ ಬೇರೆ.

ಮುಂದಿನ ಭಾನುವಾರ ನಾನು ಬೇಲೂರಿಗೆ ಹೋದೆ.

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮೆದುಗಲ್ಲಿನ ಬೊಂಬೆ ಕೆತ್ತುವ ಒಂದು ಶೆಡ್ಡಿನಲ್ಲಿ ಮೇಸ್ತ್ರಿ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗೈ ಪಂಚೆಯ ಮಡಿಕೆಯೊಳಗಿತ್ತು. ಸುತ್ತ ನಾಲ್ಕೈದು ಜನ ಕೆತ್ತುತ್ತಿದ್ದರು. ಅವನು ಒಬ್ಬೊಬ್ಬರಿಗೂ ಅಲ್ಲಿ ಹಗುರ, ಇಲ್ಲಿ ಇನ್ನಷ್ಟು ಎಂದು ಹೇಳುತ್ತಿದ್ದ.

“ಓ, ಎಮ್ಮೆ ಸಾರು!” ಅಂದ. ಅವನು ಅದನ್ನು ನನ್ನ ಮುಖಕ್ಕೇ ಹೇಳಿದ್ದು ಅದೇ ಮೊದಲು. “ಬನ್ನಿ ಸಾ, ಕೂತ್ಕಳಿ. ನೋಡಿ, ಕೈ ಹೋದ್ಮ್ಯಾಲೆ ಬಾಯಲ್ಲೇ ಕೆತ್ತುತಾ ಇವ್ನಿ.”

ಟೀ ತರಿಸಿದ. ಎಡಗೈಯಿಂದ ಮೊದಲ ಲೋಟ ನನ್ನ ಕಡೆ ಚಾಚಿದ. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತೆ. ಬಹಳ ಹೊತ್ತು ಆ ಮಾತು ಈ ಮಾತು ಆದ ಮೇಲೆ ಕೇಳಿದೆ. “ಆವತ್ತು ಯಾರಾದರೂ ‘ತಡಿ’ ಅಂದ್ರಾ ಮೇಸ್ತ್ರಿ?”

ಅವನು ಕೆತ್ತುತ್ತಿದ್ದವರಲ್ಲಿ ಒಬ್ಬರಿಗೆ, ಮೂಗು ಈಗ ಮುಟ್ಟಬೇಡ, ನಾಳೆಗಿರಲಿ ಅಂದ. ಆಮೇಲೆ ದನಿ ಇಳಿಸಿ ಹೇಳಿದ. “ಅಂದ್ಲು ಸಾ. ಚಕ್ಕೆ ಅಕ್ಕ ಅಂದ್ಲು. ಮೆತ್ತಗೆ ಅಂದ್ಲು. ನಂಗೆ ಕೇಳಿಸ್ತು.”

“ಕೇಳಿಸಿತಾ?”

“ಊಂ. ಕೇಳಿಸ್ತು. ನೀವು ಅಲ್ಲೇ ನಿಂತಿದ್ರಿ ಪುಸ್ತಕ ಇಟ್ಕಂಡು. ಇಳಿಸುದ್ರೆ ಅವಳ ಹೆಸ್ರು ಬರ್ಕಂತೀರಿ, ಮೊದ್ಲೇ ಅವಳದೇ ಜಾಸ್ತಿ ಐತೆ ಅಂದಿದ್ರಲ್ಲ. ಇದೊಂದ್ ಸಲ ಎತ್ಬುಡಾನ ಅಂತ ಐಸಾ ಅಂದ್ಬುಟ್ಟೆ.” ಅವನು ಪಂಚೆಯೊಳಗಿಂದ ಕೈ ತೆಗೆದು ಒಮ್ಮೆ ನೋಡಿಕೊಂಡು ಮತ್ತೆ ಒಳಗಿಟ್ಟ. “ನನ್ ಕಟ್ಲೆ, ನಾನೇ ಮುರ್ದೆ.”

“ಇದನ್ನು ಆಗಲೇ ಯಾಕೆ ಹೇಳಲಿಲ್ಲ?”

ಕೇಳಿದ ಮೇಲೆ ನನಗೆ ನಾಚಿಕೆಯಾಯಿತು. ಅದೇ ವಾರ ಅದೇ ಪ್ರಶ್ನೆಯನ್ನು ನಾನು ಎರಡನೆಯ ಸಲ ಕೇಳಿದ್ದೆ. ಅವನು, ಚಕ್ಕೆ ಅಕ್ಕ ಈಗ ಅರಸೀಕೆರೆಯ ಕಡೆಯೇ ಇದ್ದಾಳೆ, ಮಾಲೇಕಲ್ಲಿಗೆ ಹೋಗುವ ರಸ್ತೆಯಲ್ಲಿ ಒಂದು ಕೊಬ್ಬರಿ ಶೆಡ್ಡಿದೆ, ಅಲ್ಲಿ ಚಿಪ್ಪು ಬಿಡಿಸುತ್ತಾಳೆ ಎಂದ. ಅಷ್ಟು ವರ್ಷ ಅವಳು ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದಳು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೊಂದು ಬಗೆಯ ಸಮಾಧಾನವಾಗಿತ್ತು ಎಂದರೆ ನೀವು ನಂಬಬೇಕು. ಸಾಕ್ಷಿ ಸಿಕ್ಕಿತ್ತು. ಅವಳು ಹೇಳಿದ್ದಳು, ಹೇಳಿದ್ದನ್ನು ಕೇಳಿಸಿಕೊಂಡವನೊಬ್ಬನಿದ್ದ. ನನ್ನ ವರದಿ ತಪ್ಪು ಎಂದು ಇನ್ನೊಂದು ಪುಟ ಬರೆದುಕೊಡುತ್ತೇನೆ, ಅವಳ ಮೇಲಿನ ಆ ಹೆಸರು ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಜಾವಗಲ್ಲು ಬರುವಷ್ಟರಲ್ಲಿ ಮೊದಲ ವಾಕ್ಯವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಮಾರನೆಯ ಸಂಜೆ ಕಾಲೇಜು ಬಿಟ್ಟ ಮೇಲೆ ಶೆಡ್ಡಿಗೆ ಹೋದೆ. ಹೆಂಗಸರು ಸಾಲಾಗಿ ಕೂತು ಕೊಬ್ಬರಿ ಬಿಡಿಸುತ್ತಿದ್ದರು. ಅವಳನ್ನು ಮುಖದಿಂದಲ್ಲ, ಒಂದು ಕಣ್ಣು ಮುಚ್ಚಿ ಕೊಬ್ಬರಿ ಗಿಟುಕನ್ನು ತಿರುಗಿಸಿ ನೋಡುತ್ತಿದ್ದ ರೀತಿಯಿಂದ ಗುರುತು ಹಿಡಿದೆ. ಅವಳು ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಗೋಡೆಯ ಪಕ್ಕ ಚಿಪ್ಪು ತುಂಬಿದ ಅವಳ ಬುಟ್ಟಿಯಿತ್ತು. ಅದರ ಹತ್ತಿರ ನಿಂತು ಮಾತಾಡಿದೆವು.

“ನೀವು ಹೇಗಿದ್ದೀರಿ?” ಅಂದೆ. ಅವಳು ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು.

ಮೇಸ್ತ್ರಿ ಹೇಳಿದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು.

“ಇಲ್ಲ ಸಾ. ಮೇಸ್ತ್ರಣ್ಣ ಸುಳ್ಳು ಹೇಳವ್ನೆ. ನಾನು ಏನೂ ಅನ್ನಲಿಲ್ಲ.”

“ಅವನಿಗೆ ಕೇಳಿಸಿತಂತೆ.”

“ನನ್ನ ಮ್ಯಾಲೆ ಅಂತಃಕರ್ಣ, ಅದ್ಕೆ ಅಂಗಂತಾನೆ. ಚಕ್ಕೆ ಬಿರಿಯೋದು ನನ್ ಕಣ್ಣಿಗೆ ಕಾಣುಸ್ತು. ಬಾಯಿ ತಗುದೆ. ಬರಲಿಲ್ಲ.” ಅವಳು ಗಂಟಲ ಮೇಲೆ ಎರಡು ಬೆರಳಿಟ್ಟು ತೋರಿಸಿದಳು. “ಇಲ್ಲಿಗಂಟ ಬಂದಿತ್ತು.”

ನಾನು ಕೇಳಿದ ಆ ಸಣ್ಣ ಸದ್ದು ಯಾವುದು? ಅವಳಿಗೆ ತಾನು ಅಂದದ್ದು ನೆನಪಿಲ್ಲವೋ, ಅವನಿಗೆ ಕೇಳದ್ದು ಕೇಳಿದಂತೆ ನೆನಪಿದೆಯೋ? ಇಬ್ಬರೂ ಒಬ್ಬರ ತಪ್ಪನ್ನು ಒಬ್ಬರು ಎಳೆದುಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬರಬೇಕಾದ್ದನ್ನು ಇಬ್ಬರೂ ನನಗೆ ಕೊಡುತ್ತಿರಲಿಲ್ಲ.

“ತಪ್ಪು ನನ್ನದು,” ಅಂದೆ. “ಬಾಯಿಗೆ ಬೀಗ ಮಾಡಿಸಬೇಕು ಅಂತ ನಾನು ಅಂದಿದ್ದೆ. ಅದರಿಂದಲೇ.”

“ಬೀಗ ಅನ್ನಲಿಲ್ಲ ಸಾ,” ಅಂದಳು. “ಹೊಲ್ಗೆ ಅಂದ್ರಿ. ಬಾಯಿಗೆ ಹೊಲ್ಗೆ ಹಾಕುಸ್ಬೇಕು ಅಂತ.”

ಎಂಟು ವರ್ಷ ನಾನು ಪಶ್ಚಾತ್ತಾಪ ಪಟ್ಟಿದ್ದು ಆಡದೇ ಇದ್ದ ಮಾತಿಗೆ. ಆಡಿದ್ದನ್ನು ನೆನಪು ಮೆತ್ತಗೆ ಮಾಡಿ ಇಟ್ಟುಕೊಂಡಿತ್ತು.

ಚೀಲದಿಂದ ಪುಸ್ತಕ ತೆಗೆದೆ. ಯಾಕೆ ತಂದಿದ್ದೆನೋ. ಅವಳಿಗೆ ಓದಲು ಬರುವುದಿಲ್ಲ. ಆದರೂ ಅದನ್ನು ಕಂಡ ಕೂಡಲೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಸಾವರಿಸಿಕೊಂಡು, “ನಂದು ಎಷ್ಟು ಸಲ ಐತೆ?” ಎಂದು ಕೇಳಿದಳು.

“ಏಳು.”

“ಏಳೇನಾ? ಇನ್ನೂ ಜಾಸ್ತಿ ಅನ್ಕಂಡಿದ್ದೆ.” ಅವಳ ಮುಖದಲ್ಲಿ ಒಂದು ಗಳಿಗೆ ಹಳೆಯ ನಗು ಬಂತು. “ಏನೇನ್ ಬರ್ದಿದ್ದೀರಿ, ಓದಿ.”

ಓದಿದೆ. ಹಗ್ಗ ಸಡಿಲ. ಹಾರೆ ಜಾರಿತು. ಕಾರಣವಿಲ್ಲ. ಕಾರಣವಿಲ್ಲ. ಮಣ್ಣು ಕುಸಿತ. ಕಾರಣವಿಲ್ಲ. ಕಾರಣವಿಲ್ಲ.

“ಕಾರ್ಣ ಇತ್ತಲ್ಲ ಸಾ,” ಅಂದಳು. ಹೇಳಲೋ ಬೇಡವೋ ಎಂದು ತಡೆದು ಮತ್ತೆ ಹೇಳಿದಳು. “ನೀವು ಪುಸ್ತಕ ತಕ್ಕಂಡು ಬರೋ ಹೊತ್ಗೆ ಬಿರಿದಿದ್ ಚಕ್ಕೆ ತಗ್ದು ಬ್ಯಾರೆದು ಇಟ್ಟಿರ್ತಿದ್ದೆ. ಕಂಡ್ರೆ ಬಯ್ತೀರಿ ಅಂತ. ಅದ್ಕೆ ನಿಮಗೆ ಏನೂ ಕಾಣ್ತಿರಲಿಲ್ಲ.”

“ಏನಾಯಿತು ಅಂತ ನಾನು ಕೇಳುತ್ತಿದ್ದೆನಲ್ಲ.”

“ನೀವು ಮೊದ್ಲು ಕೇಳ್ತಿದ್ದಿದ್ದು ಹೆಸ್ರು ಕಣ್ ಸಾ.”

ಆ ಕಲ್ಲುಗಳ ಚಕ್ಕೆ ಅಷ್ಟು ಸಲ ಬಿರಿಯುತ್ತಿತ್ತು. ಬೇರೆ ಕಲ್ಲಿನ ಚಕ್ಕೆ ತರಿಸಬೇಕಾಗಿತ್ತು. ನಾನು ಪುಸ್ತಕ ಮಾಡಿದ್ದೇ ಅದನ್ನು ತಿಳಿಯಲು.

ಬರೆದುಕೊಡುತ್ತೇನೆ ಎಂದೆ. ವರದಿ ತಪ್ಪು, ನಿಮ್ಮ ತಪ್ಪಿಲ್ಲ ಎಂದು ಬರೆದು, ಸಹಿ ಹಾಕಿ.

“ಯಾರ್ಗೆ ಸಾ?”

ಸಮಿತಿ ಎಂದೋ ಮುಚ್ಚಿಹೋಗಿತ್ತು. ಕೈ ತಿಂದೋಳು ಎಂದ ಬಾಯಿಗಳಿಗೆ ವಿಳಾಸವಿರಲಿಲ್ಲ.

“ಬರಿಯೋದು ಬುಡಿ ಸಾ,” ಅಂದಳು. ಸಿಟ್ಟಿನಿಂದ ಅಲ್ಲ, ದಣಿದವರಿಗೆ ಹೇಳುವ ಹಾಗೆ.

ಅಷ್ಟರಲ್ಲಿ ಮೂಟೆ ತುಂಬಲು ಒಂದು ಲಾರಿ ಹಿಮ್ಮುಖವಾಗಿ ಶೆಡ್ಡಿನ ಕಡೆ ಬರತೊಡಗಿತು. ಕ್ಲೀನರು ಆ ಬದಿಯಲ್ಲಿ ನಿಂತು, “ಬರ್ಲಿ ಬರ್ಲಿ,” ಎಂದು ತಗಡು ಬಡಿಯುತ್ತಿದ್ದ. ಅವನಿಗೆ ಈ ಬದಿ ಕಾಣುತ್ತಿರಲಿಲ್ಲ. ಲಾರಿಯ ಹಿಂಬದಿ ಅವಳ ಬುಟ್ಟಿಗೂ ನಮಗೂ ತೀರಾ ಹತ್ತಿರ ಬಂತು. ಅವಳು ನೋಡಿದಳು. ಒಂದು ಮಾತು ಕೂಗಿದ್ದರೆ ನಿಲ್ಲುತ್ತಿತ್ತು. ಅವಳು ಏನೂ ಅನ್ನದೆ ಬಗ್ಗಿ, ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಗೋಡೆಗೆ ಒತ್ತಿಕೊಂಡಳು, ಅದು ತನ್ನ ದಿನನಿತ್ಯದ ಕೆಲಸಗಳಲ್ಲಿ ಒಂದೆಂಬಂತೆ.

‘ತಡಿ’ ಅನ್ನಲು ನಾನು ಬಾಯಿ ತೆರೆದೆ. ಗಂಟಲಿಗೆ ಅಭ್ಯಾಸವಿರಲಿಲ್ಲ.